ಎಡಕುಮೇರಿಯ ದಾರಿ, ಮುಂಜಾನೆ ಕುಂಟುವ ಎಂಜಿನು

ಮಂಗಳೂರಿನಿಂದ ಸಕಲೇಶಪುರಕ್ಕೆ ಹಗಲು ರೈಲಿನಲ್ಲಿ ಘಟ್ಟವನ್ನು ಹತ್ತಿದವರು ಎಡಕುಮೇರಿಯೆಂಬ ಹೆಸರನ್ನು ಬೇಗನೆ ಮರೆಯಲಾರರು. ಸಂತೆಯಿಲ್ಲ, ಪೇಟೆಯಿಲ್ಲ, ಬಸ್ಸು ಬಂದು ನಿಲ್ಲುವ ದಾರಿಯೂ ಇಲ್ಲ. ಒಂದು ಸುರಂಗದಿಂದ ಹೊರಬಿದ್ದ ಗಾಡಿಯು ಇನ್ನೊಂದನ್ನು ಹೊಗುವ ಮುನ್ನ ಉಸಿರು ತಿರುಗಿಸಿಕೊಳ್ಳಲೆಂದೇ ಕಾಡಿನ ನಡುವೆ ಯಾರೋ ಒಂದು ಜಗುಲಿಯನ್ನು ಕಟ್ಟಿಟ್ಟಂತೆ ಆ ನಿಲ್ದಾಣವು ತೋರುತ್ತದೆ. ಕುಮೇರಿಯೆಂಬುದು ಹಿಂದೆ ಕಾಡು ಕಡಿದು, ಸುಟ್ಟು, ಆ ಬೂದಿಯಲ್ಲಿ ಬೀಜ ಚೆಲ್ಲಿ ಬೆಳೆ ತೆಗೆಯುತ್ತಿದ್ದ ಬೇಸಾಯಕ್ಕಿದ್ದ ಹೆಸರು. ಈಗ ಅಲ್ಲಿ ಕಣ್ಣಿಗೆ ಕಾಣುವುದೆಲ್ಲ ಹಸಿರು ಬೆಟ್ಟ. ಕಿವಿಗೆ ಕೇಳುವುದು ನೀರಿನ ಸದ್ದು ಮತ್ತು ಎಂಜಿನಿನ ಸದ್ದು.

ಕೆಲವು ವರ್ಷಗಳ ಕೆಳಗೆ, ಫೆಬ್ರವರಿ ತಿಂಗಳ ಕೊನೆಯಲ್ಲಿ, ನಾನು ಆ ದಾರಿಯಲ್ಲಿ ಪ್ರಯಾಣ ಮಾಡಬೇಕಾಯಿತು. ಜೊತೆಯಲ್ಲಿ ಮಂಗಳೂರಿನ ದಕ್ಕೆಯಲ್ಲಿ ಮೂವತ್ತು ವರ್ಷ ಮೀನುಬೋಟುಗಳ ಎಂಜಿನು ರಿಪೇರಿ ಮಾಡಿದ ಒಬ್ಬ ವೃದ್ಧ ಮೇಸ್ತ್ರಿಗಳಿದ್ದರು. ಕಡಲಿನವರಿಗೆ ಘಟ್ಟದ ಮೇಲೇನು ಕೆಲಸವೆಂದು ವಾಚಕರು ಕೇಳಬಹುದು. ಕಡಗರವಳ್ಳಿಯ ಕಡೆ ಕಾಫಿ ತೋಟವನ್ನಿಟ್ಟುಕೊಂಡಿರುವ ನನ್ನ ಸಹಪಾಠಿಗಳಾದ ಗೌಡರೊಬ್ಬರು ಬಹಳ ಕಳವಳದಿಂದ ನನಗೆ ಹೇಳಿ ಕಳುಹಿಸಿದ್ದರು. ಅವರ ನೀರೆತ್ತುವ ಎಂಜಿನು ಮುಂಜಾನೆಯ ಚಳಿಯಲ್ಲಿ ಕುಂಟುತ್ತಿತ್ತು. ಕೆಲವು ದಿನ ಹೊರಟ ಮೇಲೂ ನಿಂತುಬಿಡುತ್ತಿತ್ತು. ಅದನ್ನು ನೋಡಿದ ಒಬ್ಬ ಕೆಲಸಗಾರನು ಎಂಜಿನನ್ನು ಪೂರ್ತಿ ಬಿಚ್ಚಿ ಪಟ್ಟಣಕ್ಕೆ ಸಾಗಿಸಬೇಕು, ಹದಿನೈದು ದಿನವಾದರೂ ಬೇಕು ಎಂದಿದ್ದನಂತೆ. ಆದರೆ ಕಾಫಿಯ ಮೊಗ್ಗು ಹದಿನೈದು ದಿನ ಕಾಯುವುದಿಲ್ಲ.

ಇದನ್ನು ಸ್ವಲ್ಪ ವಿವರಿಸಬೇಕು. ರೊಬಸ್ಟ ಕಾಫಿಯ ಗಿಡದಲ್ಲಿ ಮೊಗ್ಗುಗಳು ಬಲಿತು ಬಿಸಿಲಿನಲ್ಲಿ ಮಲಗಿರುತ್ತವೆ. ಫೆಬ್ರವರಿ ಮಾರ್ಚಿಯಲ್ಲಿ ಒಂದು ಅಂಗುಲಕ್ಕೆ ಮೇಲ್ಪಟ್ಟು ಮಳೆ ಬಿದ್ದರೆ ಎಂಟೊಂಬತ್ತು ದಿನಗಳಲ್ಲಿ ತೋಟವೆಲ್ಲ ಮಲ್ಲಿಗೆಯ ಚಪ್ಪರದಂತೆ ಬೆಳ್ಳಗಾಗುತ್ತದೆ. ಇದಕ್ಕೆ ಹೂಮಳೆಯೆಂದು ಹೆಸರು. ಮಳೆ ಬಾರದಿದ್ದರೆ ಹೊಳೆಯಿಂದಲೋ ಕೆರೆಯಿಂದಲೋ ನೀರೆತ್ತಿ ತುಂತುರಾಗಿ ಚಿಮುಕಿಸಬೇಕು. ಅದರಲ್ಲಿಯೂ ಅರೆ ನೀರು ಸಲ್ಲದು. ನೀರು ಸಾಲದೆ ಹೋದ ಮೊಗ್ಗು ಅರ್ಧ ಬಿರಿದು, ಕಾಯಿ ಕಟ್ಟದೆ ಒಣಗುತ್ತದೆ. ಆದುದರಿಂದ ನಡುವೆ ನಿಲ್ಲುವ ಎಂಜಿನನ್ನು ನಂಬಿ ನೀರು ಹಾಯಿಸುವುದಕ್ಕಿಂತ ಸುಮ್ಮನಿರುವುದೇ ಮೇಲು. ಗೌಡರ ವರ್ಷದ ಅನ್ನವು ಆ ಎಂಜಿನಿನ ಉಸಿರಿನ ಮೇಲೆ ನಿಂತಿತ್ತೆಂದರೆ ಉತ್ಪ್ರೇಕ್ಷೆಯಲ್ಲ.

ಸುಬ್ರಹ್ಮಣ್ಯ ರೋಡ್ ನಿಲ್ದಾಣವನ್ನು ಬಿಟ್ಟ ಮೇಲೆ ಘಟ್ಟವು ಮೊದಲಾಯಿತು. ಅಲ್ಲಿಂದ ಸಕಲೇಶಪುರಕ್ಕೆ ಸುಮಾರು 55 ಕಿಲೋಮೀಟರ್. ಅಷ್ಟರೊಳಗೆ 57 ಸುರಂಗಗಳು, ನೂರಕ್ಕೂ ಹೆಚ್ಚು ಸೇತುವೆಗಳು. ಐವತ್ತು ಅಡಿ ಮುಂದೆ ಹೋದರೆ ಒಂದು ಅಡಿ ಮೇಲಕ್ಕೇರುವ ದಾರಿ. ನಡೆಯುವವರಿಗೆ ಇದು ಏರೆಂದೇ ತೋರದು. ಸಾವಿರಾರು ಮಣದ ಗಾಡಿಗೆ ಮಾತ್ರ ಇದು ಬೆಟ್ಟವೇ ಸರಿ. 1979ರಲ್ಲಿ ಇಲ್ಲಿ ಮೊದಲು ಮೀಟರ್ ಗೇಜ್ ಗಾಡಿಗಳು ಓಡಿದವು. 1996ರಲ್ಲಿ ಹಳಿಯನ್ನು ಅಗಲಿಸುವುದಕ್ಕಾಗಿ ದಾರಿಯನ್ನು ಮುಚ್ಚಿದರು. 2006ರಲ್ಲಿ ಸರಕಿನ ಗಾಡಿಗಳೂ 2007ರ ಕೊನೆಯಲ್ಲಿ ಪ್ರಯಾಣಿಕರ ಗಾಡಿಗಳೂ ಮತ್ತೆ ಬಂದವು. ನಡುವಿನ ವರ್ಷಗಳಲ್ಲಿ ಚಾರಣಿಗರು ಹಳಿಯ ಗುಂಟ ನಡೆದು ಎಡಕುಮೇರಿಯನ್ನು ಪ್ರಸಿದ್ಧಿಗೆ ತಂದರು. ಗಾಡಿಗಳು ಓಡುವ ಹಳಿಯ ಮೇಲೆ ನಡೆಯುವುದು ನಿಷಿದ್ಧ, ಪ್ರಾಣಕ್ಕೂ ಅಪಾಯ. ಬೆಟ್ಟವಂತೂ ತನ್ನ ಹಟವನ್ನು ಬಿಟ್ಟಿಲ್ಲ. 2024ರ ಜುಲೈ ತಿಂಗಳಲ್ಲಿ ಎಡಕುಮೇರಿ ಕಡಗರವಳ್ಳಿಗಳ ನಡುವೆ ಮಣ್ಣು ಕುಸಿದು ಹಲವು ದಿನ ಗಾಡಿಗಳೇ ಓಡಲಿಲ್ಲ.

ಎಡಕುಮೇರಿಯಲ್ಲಿ ಎದುರಿನಿಂದ ಬರುವ ಗೂಡ್ಸಿಗೆ ದಾರಿ ಬಿಡಲೆಂದು ನಮ್ಮ ಗಾಡಿ ನಿಂತಿತು. ಇಲ್ಲಿರುವುದು ಒಂದೇ ಹಳಿಯಾದುದರಿಂದ ಇಂತಹ ಕಾಯುವಿಕೆ ಅನಿವಾರ್ಯ. ಎಲ್ಲರೂ ಕಾಡನ್ನು ನೋಡುತ್ತಿದ್ದರೆ ಮೇಸ್ತ್ರಿಗಳು ಕಣ್ಣು ಮುಚ್ಚಿ ಎಂಜಿನನ್ನು ಕೇಳುತ್ತಿದ್ದರು. ಅದು ಹದಿನಾರು ಸಿಲಿಂಡರುಗಳ ಡೀಸೆಲ್ ಎಂಜಿನು. ಅದು ನೇರವಾಗಿ ಗಾಲಿಯನ್ನು ತಿರುಗಿಸುವುದಿಲ್ಲ. ವಿದ್ಯುತ್ತನ್ನು ಹುಟ್ಟಿಸುತ್ತದೆ, ಆ ವಿದ್ಯುತ್ತು ಅಚ್ಚಿನ ಬಳಿಯ ಮೋಟಾರುಗಳನ್ನು ತಿರುಗಿಸುತ್ತದೆ.

“ನಿಂತಿದ್ದರೂ ಇದನ್ನೇಕೆ ಆರಿಸುವುದಿಲ್ಲ?” ಎಂದು ಕೇಳಿದೆ.

“ಇಷ್ಟು ಹೊತ್ತಿಗೆ ಯಾರು ಆರಿಸುತ್ತಾರೆ ಮಾಸ್ತರೇ?” ಎಂದರು. “ದೊಡ್ಡ ಎಂಜಿನು ಕಾದು ಹದಕ್ಕೆ ಬರುವುದಕ್ಕೇ ಹೊತ್ತು ಬೇಕು. ಆದರೆ ಒಂದು ಮಾತು ನೆನಪಿಡಿ. ಕಾದ ಎಂಜಿನು ತನ್ನ ರೋಗವನ್ನು ಮುಚ್ಚಿಕೊಳ್ಳುತ್ತದೆ. ತಣ್ಣಗಿರುವಾಗ ಕೇಳಿದರೆ ಮಾತ್ರ ನಿಜ ಹೇಳುತ್ತದೆ.”

ಸಂಜೆ ತೋಟವನ್ನು ಮುಟ್ಟಿದೆವು. ಗೌಡರು ಆಗಲೇ ಎಂಜಿನನ್ನು ನಡೆಸಿ ತೋರಿಸಲು ಹೊರಟರು. ಮೇಸ್ತ್ರಿಗಳು ತಡೆದರು. “ಬೇಡಿ ಗೌಡರೇ. ರಾತ್ರಿಯೆಲ್ಲ ಅದು ತಣ್ಣಗೆ ಮಲಗಲಿ. ನಾಳೆ ನಾನು ಪಕ್ಕದಲ್ಲಿ ನಿಲ್ಲುವವರೆಗೆ ಯಾರೂ ಮುಟ್ಟಬಾರದು” ಎಂದು ಹೇಳಿ, ಹೊಗೆಯ ಬಣ್ಣ ಯಾವುದೆಂದು ವಿಚಾರಿಸಿದರು. ಗೌಡರಿಗೂ ಆಳುಗಳಿಗೂ ಅದು ನೆನಪಿರಲಿಲ್ಲ. ಅಕ್ಕಿರೊಟ್ಟಿಯನ್ನು ಬಡಿಸುತ್ತಿದ್ದ ಮನೆಯಾಕೆಯೇ ಉತ್ತರ ಕೊಟ್ಟರು: “ಬಿಳಿ ಹೊಗೆ. ಅಡಿಗೆಮನೆಯ ಕಿಟಕಿಯೊಳಕ್ಕೆ ಬಂದು ಕಣ್ಣುರಿಸುತ್ತದೆ, ಹಸಿ ಡೀಸೆಲಿನ ವಾಸನೆ. ನಾನು ಕಾಫಿ ಸೋಸಿ ಮುಗಿಸುವ ಹೊತ್ತಿಗೆ ಹೊಗೆಯೂ ಹೋಗುತ್ತದೆ, ಸದ್ದೂ ಸಮವಾಗುತ್ತದೆ.”

“ಅಮ್ಮಾ, ಅರ್ಧ ಕೆಲಸ ನೀವೇ ಮಾಡಿಬಿಟ್ಟಿರಿ” ಎಂದರು ಮೇಸ್ತ್ರಿಗಳು.

ಆ ರಾತ್ರಿ ಒಲೆಯ ಮುಂದೆ ಕುಳಿತು ಅವರು ಹೇಳಿದುದನ್ನು ನಾನು ತಿಳಿದಷ್ಟು ಇಲ್ಲಿ ಬರೆಯುತ್ತೇನೆ. ಡೀಸೆಲ್ ಎಂಜಿನಿನಲ್ಲಿ ಕಿಡಿಯಿಲ್ಲ. ಗಾಳಿಯನ್ನು ಹದಿನೇಳರಲ್ಲೊಂದು ಪಾಲಿನಷ್ಟಕ್ಕೆ ಅದುಮಿದಾಗ ಅದು 500 ಡಿಗ್ರಿಗೂ ಮೀರಿ ಕಾಯುತ್ತದೆ. ಅದರೊಳಕ್ಕೆ ಮಂಜಿನಂತೆ ಸಿಂಪಡಿಸಿದ ಎಣ್ಣೆಯು ತಾನಾಗಿ ಹೊತ್ತಿಕೊಳ್ಳುತ್ತದೆ. ಲೋಹವು ತಣ್ಣಗಿರುವಾಗ ಈ ಶಾಖವನ್ನು ಅದು ಹೀರಿಬಿಡುತ್ತದೆ. ಆಗ ಅದುಮುವಿಕೆ ಸ್ವಲ್ಪ ಸಡಿಲವಾಗಿದ್ದರೂ, ಎಣ್ಣೆಯು ಮಂಜಾಗದೆ ಹನಿಯಾಗಿ ಬಿದ್ದರೂ ಉರಿಯು ಹತ್ತುವುದಿಲ್ಲ. ಉರಿಯದ ಎಣ್ಣೆಯು ಬಿಳಿ ಹೊಗೆಯಾಗಿ ಹೊರಡುತ್ತದೆ. ಕರಿ ಹೊಗೆಯಾದರೆ ಎಣ್ಣೆ ಹೆಚ್ಚು, ಗಾಳಿ ಕಡಮೆ. ನೀಲಿ ಹೊಗೆಯಾದರೆ ಕೀಲೆಣ್ಣೆಯು ಉರಿಯುತ್ತಿದೆಯೆಂದು ತಿಳಿಯಬೇಕು. ಪಂಪ್ ಸ್ಟವ್ ಹೊತ್ತಿಸಿದ ಹಿರಿಯ ಗೃಹಿಣಿಯರಿಗೆ ಇದು ಹೊಸತಲ್ಲ. ಬಟ್ಟಲನ್ನು ಚೆನ್ನಾಗಿ ಕಾಯಿಸದೆ ಪಂಪ್ ಹೊಡೆದರೆ ಸೀಮೆಎಣ್ಣೆ ಹಸಿಯಾಗಿ ಚಿಮ್ಮಿ ಹೊಗೆಯಾಡುವುದಿಲ್ಲವೇ? ಕಡಲಿನ ಬೋಟುಗಳಲ್ಲಿಯೂ ಹೀಗೆಯೇ. ನೀರಿನ ಶಾಖವನ್ನು ಹದದಲ್ಲಿಡುವ ಥರ್ಮೋಸ್ಟಾಟನ್ನು ಕೆಲವರು ಕಿತ್ತೆಸೆದು, ಎಂಜಿನು ಯಾವಾಗಲೂ ತಣ್ಣಗಿದ್ದು ಕೆಮ್ಮುವುದೇಕೆಂದು ಬೆರಗಾಗುವುದುಂಟಂತೆ.

ಮರುದಿನ ಆರು ಗಂಟೆಗೆ, ಕಣಿವೆಯ ಮಂಜು ಇನ್ನೂ ಕದಲದಿರುವಾಗ, ಎಂಜಿನನ್ನು ತಿರುಗಿಸಿದರು. ಎರಡು ಸಿಲಿಂಡರುಗಳ ಎಂಜಿನು ಒಂದೇ ಕಾಲಿನ ಮನುಷ್ಯನಂತೆ ಕುಪ್ಪಳಿಸಿತು. ಮೇಸ್ತ್ರಿಗಳು ಬಟ್ಟೆ ಸುತ್ತಿ, ಕೈಯನ್ನು ದೂರವಿಟ್ಟು, ಸ್ಪ್ಯಾನರಿನಿಂದ ಮೊದಲನೆಯ ಸಿಲಿಂಡರಿನ ಎಣ್ಣೆಯ ಕೊಳವೆಯ ನಟ್ಟನ್ನು ಸ್ವಲ್ಪವೇ ಸಡಿಲಿಸಿದರು. (ಆ ಎಣ್ಣೆಯ ಒತ್ತಡವು ಚರ್ಮವನ್ನು ತೂರುವಷ್ಟಿರುವುದರಿಂದ ಅರಿಯದವರು ಇದಕ್ಕೆ ಕೈ ಹಾಕಬಾರದು.) ಎಂಜಿನು ಸಾಯುವಂತಾಯಿತು. ಅದನ್ನು ಬಿಗಿದು ಎರಡನೆಯದನ್ನು ಸಡಿಲಿಸಿದರು. ಸದ್ದಿನಲ್ಲಿ ಯಾವ ವ್ಯತ್ಯಾಸವೂ ಆಗಲಿಲ್ಲ. “ಮಲಗಿರುವವನು ಇವನೇ” ಎಂದು ನಕ್ಕರು.

ಆದರೆ ಮಲಗಿದುದೇಕೆ? ಉಂಗುರಗಳು ಸವೆದು ಅದುಮುವಿಕೆ ತಗ್ಗಿತೋ, ಎಣ್ಣೆ ಸಿಂಪಡಿಸುವ ನಾಜಲ್ ಕೆಟ್ಟಿತೋ? ಮೊದಲನೆಯದಾದರೆ ಹದಿನೈದು ದಿನ. ಎರಡನೆಯದಾದರೆ ಒಂದೇ ದಿನ. ಗೌಡರ ಮುಖ ಬಿಳಿಚಿಕೊಂಡಿತ್ತು. ಮೇಸ್ತ್ರಿಗಳು ಎಂಜಿನನ್ನು ನಿಲ್ಲಿಸಿ, ಎರಡೂ ಇಂಜೆಕ್ಟರುಗಳನ್ನು ಕಳಚಿ ಅದಲುಬದಲು ಕೂಡಿಸಿದರು. ರೋಗವು ಸ್ಥಳದ್ದಾದರೆ ಅಲ್ಲಿಯೇ ನಿಲ್ಲುವುದು, ಉಪಕರಣದ್ದಾದರೆ ಅದರೊಡನೆ ಹೋಗುವುದು ಎಂಬುದೇ ಅವರ ತರ್ಕ. ಅಷ್ಟಾಗಿಯೂ ಅವರು ಒಡನೆ ಪರೀಕ್ಷಿಸಲಿಲ್ಲ. ಲೋಹವು ಪೂರ್ತಿ ಆರಲೆಂದು ಇನ್ನೊಂದು ರಾತ್ರಿ ಕಾಯಿಸಿದರು. ನಿಧಾನವು ನಮಗೆ ಹಿಂಸೆಯಾಗಿತ್ತು. ಮಾರನೆಯ ಮುಂಜಾನೆ ಎರಡನೆಯ ಸಿಲಿಂಡರು ಎದ್ದು ಕುಳಿತಿತ್ತು, ಮೊದಲನೆಯದು ಮಲಗಿತ್ತು. ಗೌಡರು ದೀರ್ಘವಾಗಿ ಉಸಿರುಬಿಟ್ಟರು.

ಸಕಲೇಶಪುರದಲ್ಲಿ ಪರೀಕ್ಷಿಸಿದಾಗ ಒಂದು ಇಂಜೆಕ್ಟರು ಮಂಜನ್ನು ಉಗುಳಿತು, ಇನ್ನೊಂದು ಸೋರುವ ನಲ್ಲಿಯಂತೆ ಹನಿ ಹಾಕಿತು. ಅದರ ನಾಜಲಿನ ಮೂತಿಗೆ ತುಕ್ಕು ಹಿಡಿದಿತ್ತು. ಹೊಸ ನಾಜಲನ್ನು ಹಾಕಿಸಿದ ಮೇಲೂ ಮೇಸ್ತ್ರಿಗಳು ಸುಮ್ಮನಾಗಲಿಲ್ಲ. ತುಕ್ಕಿಗೆ ನೀರು ಬೇಕು, ನೀರೆಲ್ಲಿಂದ ಬಂತು? ಟ್ಯಾಂಕಿನ ತಳದ ತಿರುಪನ್ನು ಬಿಚ್ಚಿ ಗಾಜಿನ ಶೀಸೆಯಲ್ಲಿ ಹಿಡಿದರು. ಮೇಲೆ ಡೀಸೆಲು, ಕೆಳಗೆ ಎರಡು ಬೆರಳು ನೀರು! ಸಂಜೆ ಅರೆಬರಿದಾದ ಟ್ಯಾಂಕಿನೊಳಗಿನ ತೇವದ ಗಾಳಿಯು ರಾತ್ರಿಯ ಚಳಿಗೆ ಬೆವರಿ, ಆ ಬೆವರು ದಿನದಿನವೂ ತಳದಲ್ಲಿ ಕೂಡಿತ್ತು. “ಸಂಜೆಯೇ ಟ್ಯಾಂಕನ್ನು ತುಂಬಿಬಿಡಿ, ಗಾಳಿಗೆ ಜಾಗ ಕೊಡಬೇಡಿ. ವಾರಕ್ಕೊಮ್ಮೆ ತಳದ ನೀರನ್ನು ತೆಗೆಯಿರಿ” ಎಂದು ಮನೆಯಾಕೆಗೆ ಹೇಳಿದರು; ಗೌಡರಿಗಲ್ಲ.

ಮೂರನೆಯ ಮುಂಜಾನೆ ಎಂಜಿನು ಒಂದೇ ಸುತ್ತಿಗೆ ಹೊರಟಿತು. ಅಡಿಗೆಮನೆಯ ಕಿಟಕಿಯಿಂದ, “ಹೊಗೆಯಿಲ್ಲ” ಎಂಬ ದನಿ ಕೇಳಿಬಂತು. ಅದಕ್ಕಿಂತ ದೊಡ್ಡ ಸರ್ಟಿಫಿಕೇಟು ಬೇಕಿರಲಿಲ್ಲ. ತೋಟದ ಇಳಿಜಾರಿನಲ್ಲಿ ನೀರಿನ ಕಮಾನುಗಳು ಎದ್ದು ತಿರುಗತೊಡಗಿದವು.

ಹಿಂದಿರುಗುವಾಗ ಎಡಕುಮೇರಿಯಲ್ಲಿ ಗಾಡಿ ಮತ್ತೆ ಸ್ವಲ್ಪ ನಿಂತಿತು. ಮೇಸ್ತ್ರಿಗಳು ಎಂದಿನಂತೆ ಕಣ್ಣು ಮುಚ್ಚಿದ್ದರು. ಈ ಸಲ ನಾನೂ ಕಣ್ಣು ಮುಚ್ಚಿ ಕೇಳಿದೆ. ಎಲೆಯ ಸದ್ದು, ನೀರಿನ ಸದ್ದು, ಅವುಗಳಡಿಯಲ್ಲಿ ಎಂಜಿನಿನ ಒಂದೇ ಸಮನಾದ ಉಸಿರು ಬೇರೆಬೇರೆಯಾಗಿ ಕೇಳಿದವು. ಮೂವತ್ತು ವರ್ಷ ಪಾಠ ಹೇಳಿದ ನನಗೆ, ಬಿಚ್ಚುವುದಕ್ಕೆ ಮುಂಚೆ ಕೇಳಬೇಕೆಂಬ ಪಾಠವು ಅಷ್ಟು ತಡವಾಗಿ ದೊರೆಯಿತು.

ಹತ್ತು ದಿನಗಳ ಮೇಲೆ ಗೌಡರ ಮನೆಯಿಂದ ಒಂದು ಪೊಟ್ಟಣ ಬಂತು. ಅದರಲ್ಲಿ ಕಾಗದವಿರಲಿಲ್ಲ, ಬಾಡಿದರೂ ಕಂಪು ಬಿಡದ ಒಂದು ಹಿಡಿ ಕಾಫಿಯ ಹೂವಿತ್ತು.