ಹಡಗೇರುವ ಮುನ್ನ ದಾಕು

ಹಿಂದೂ ಮಹಾಸಾಗರದ ದ್ವೀಪಗಳನ್ನು ಸುತ್ತಿ ಬರುವ ವಿಹಾರನೌಕೆಗಳ ಪ್ರಕಟಣೆಗಳಲ್ಲಿ ನೀಲ ಜಲರಾಶಿ, ಬಿಳಿಯ ಮರಳು, ತೆಂಗಿನ ತೋಪುಗಳು ಬಣ್ಣಬಣ್ಣವಾಗಿ ಅಚ್ಚಾಗಿರುತ್ತವೆ. ಆರೋಗ್ಯದ ಮಾತು ಮಾತ್ರ ಕೊನೆಯ ಪುಟದ ಅಡಿಯಲ್ಲಿ, ಕನ್ನಡಕವಿಲ್ಲದೆ ಓದಲಾಗದಷ್ಟು ಸಣ್ಣ ಅಕ್ಷರಗಳಲ್ಲಿರುತ್ತದೆ. ಹಣ ಕಟ್ಟುವ ಮೊದಲು ಓದಬೇಕಾದುದು ಆ ಪುಟವನ್ನೇ ಎಂದು ನಾವು ಹೇಳುತ್ತೇವೆ.

ನಾವು ಐವರು ಹೊರಟವರಲ್ಲಿ ಹಿರಿಯರು ಎಪ್ಪತ್ತೊಂದು ವರ್ಷದ ದೊಡ್ಡಮ್ಮ. ಅವರ ಎಡದೋಳಿನ ಮೇಲೆ ಎಳವೆಯಲ್ಲಿ ಹಾಕಿಸಿಕೊಂಡ ಸಿಡುಬಿನ ದಾಕಿನ ಗುರುತು ಇಂದಿಗೂ ಇದೆ. ಆ ದಾಕಿನ ಪತ್ರವಿಲ್ಲದೆ ಕಡಲು ದಾಟುವುದು ಕಷ್ಟವಾಗಿದ್ದ ಕಾಲವೊಂದಿತ್ತು. 1980ರಲ್ಲಿ ಸಿಡುಬು ಜಗತ್ತಿನಿಂದಲೇ ತೊಲಗಿತೆಂದು ವಿಶ್ವ ಆರೋಗ್ಯ ಸಂಸ್ಥೆ ಸಾರಿದ ಮೇಲೆ ಆ ಪತ್ರದ ಅಗತ್ಯವೂ ಇಲ್ಲವಾಯಿತು. ಇಂದು ಗಡಿಗಡಿಗಳಲ್ಲಿ ಹೆಚ್ಚಾಗಿ ಕೇಳುವುದು ಪೀತಜ್ವರದ ಪತ್ರ. ಇದನ್ನು ನಮ್ಮ ಕಡೆಯ ಕಾಮಾಲೆಯೆಂದು ತಿಳಿಯಬಾರದು. ಇದು ಆಫ್ರಿಕ ಮತ್ತು ದಕ್ಷಿಣ ಅಮೆರಿಕಗಳಲ್ಲಿರುವ, ಸೊಳ್ಳೆಯಿಂದ ಹರಡುವ ಬೇರೆಯೇ ರೋಗ.

ನಮ್ಮ ಮುಂದೆ ಎರಡು ಮಾರ್ಗಗಳಿದ್ದವು. ಒಂದು ಹಡಗು ಆಫ್ರಿಕದ ಕರಾವಳಿಯ ಮೊಂಬಾಸವನ್ನು ಮುಟ್ಟಿ ಮಾರಿಷಸ್ಸಿಗೆ ಬರುವಂಥದು. ಇನ್ನೊಂದು ಮಾರಿಷಸ್ಸಿನ ಪೋರ್ಟ್ ಲೂಯಿಯಿಂದಲೇ ಹೊರಟು ಸೇಶೆಲ್ಸ್, ಮಡಗಾಸ್ಕರದ ನೋಸಿ ಬೇ, ರೆಯೂನಿಯನ್ ದ್ವೀಪಗಳನ್ನು ಸುತ್ತಿ ಮರಳುವಂಥದು. ದೊಡ್ಡಮ್ಮನವರ ಮನಸ್ಸು ಮೊಂಬಾಸದ ಮೇಲಿತ್ತು. ಅವರ ಸೋದರಮಾವ ಅಲ್ಲಿಯ ಒಂದು ಬಟ್ಟೆಯಂಗಡಿಯಲ್ಲಿ ಲೆಕ್ಕ ಬರೆಯುತ್ತ ಬಹುಕಾಲ ಇದ್ದವರು. ಪೋರ್ಚುಗೀಸರು ಕಟ್ಟಿದ ಜೀಸಸ್ ಕೋಟೆಯ ಚಿತ್ರವಿದ್ದ ಅವರ ಕಾಗದವೊಂದು ದೊಡ್ಡಮ್ಮನವರ ಪೆಟ್ಟಿಗೆಯಲ್ಲಿ ಇನ್ನೂ ಇದೆ. ಆ ಕೋಟೆಯನ್ನು ಒಮ್ಮೆ ಕಣ್ಣಾರೆ ಕಾಣಬೇಕೆಂಬುದು ಅವರ ಹಂಬಲ.

ಆದರೆ ಕೆನ್ಯಾ ಪೀತಜ್ವರದ ದೇಶಗಳ ಪಟ್ಟಿಯಲ್ಲಿದೆ. ವಿಚಿತ್ರವೆಂದರೆ, ಮೊಂಬಾಸ ನಗರದಲ್ಲಿ ಈ ರೋಗ ತಗಲುವ ಸಂಭವ ಬಹಳ ಕಡಿಮೆ. ಭಯವಿರುವುದು ಹೆಚ್ಚಾಗಿ ಒಳನಾಡಿನಲ್ಲಿ. ಕಾನೂನು ಮಾತ್ರ ಊರನ್ನು ನೋಡುವುದಿಲ್ಲ, ದೇಶವನ್ನು ನೋಡುತ್ತದೆ. ಅಲ್ಲಿಂದ ಬರುವವರಲ್ಲಿ ಮಾರಿಷಸ್ ಪತ್ರ ಕೇಳುತ್ತದೆ, ಭಾರತವೂ ಕೇಳುತ್ತದೆ. ಅಂಥ ದೇಶದಿಂದ ಹೊರಟು ಆರು ದಿನಗಳೊಳಗೆ ಪತ್ರವಿಲ್ಲದೆ ನಮ್ಮ ದೇಶದಲ್ಲಿ ಬಂದಿಳಿದವರನ್ನು, ಆ ಅವಧಿ ಮುಗಿಯುವವರೆಗೆ ಪ್ರತ್ಯೇಕವಾಗಿ ಇರಿಸುವ ಅಧಿಕಾರ ಇಲ್ಲಿಯ ಆರೋಗ್ಯಾಧಿಕಾರಿಗಳಿಗಿದೆ. ಈ ಬಿಗಿಗೆ ಕಾರಣವುಂಟು. ಪೀತಜ್ವರ ಭಾರತಕ್ಕೆ ಈವರೆಗೆ ಬಂದಿಲ್ಲ. ಆದರೆ ಅದನ್ನು ಹರಡಬಲ್ಲ ಸೊಳ್ಳೆ, ಡೆಂಗಿಯನ್ನು ಹರಡುವ ಅದೇ ಸೊಳ್ಳೆ, ನಮ್ಮ ಹಿತ್ತಿಲ ತೆಂಗಿನ ಚಿಪ್ಪಿನಲ್ಲಿ ಬೇಕಾದಷ್ಟಿದೆ. ಆದುದರಿಂದ ಆ ಪತ್ರ ಪ್ರಯಾಣಿಕನ ರಕ್ಷಣೆಗಿಂತ ಹೆಚ್ಚಾಗಿ ಅವನು ಮರಳುವ ಊರಿನ ರಕ್ಷಣೆಗಾಗಿ ಇರುವುದು.

ಲಸಿಕೆಯೇನೋ ಶ್ರೇಷ್ಠವಾದುದೇ. 1930ರ ದಶಕದಲ್ಲಿ ಅದನ್ನು ಸಿದ್ಧಪಡಿಸಿದ ಮ್ಯಾಕ್ಸ್ ಥೈಲರ್ ಅವರಿಗೆ 1951ರಲ್ಲಿ ನೊಬೆಲ್ ಪಾರಿತೋಷಕ ದೊರೆಯಿತು. ಒಮ್ಮೆ ಹಾಕಿಸಿಕೊಂಡರೆ ಹತ್ತು ದಿನಗಳ ಬಳಿಕ ಪತ್ರ ಊರ್ಜಿತವಾಗುತ್ತದೆ. 2016ರಿಂದ ಅದು ಜೀವಮಾನಕ್ಕೆಲ್ಲ ಸಲ್ಲುತ್ತದೆ. ಸರಕಾರ ಗೊತ್ತುಪಡಿಸಿದ ಕೇಂದ್ರಗಳಲ್ಲಿ ಮಾತ್ರ ಸಿಗುವುದರಿಂದ ಹೊರಡುವ ವಾರದಲ್ಲಿ ಓಡಾಡಿದರೆ ಪ್ರಯೋಜನವಿಲ್ಲ. ಆದರೆ ಅದು ಜೀವಂತ ರೋಗಾಣುವನ್ನು ದುರ್ಬಲಗೊಳಿಸಿ ಮಾಡಿದ ಲಸಿಕೆ. ಅರುವತ್ತು ದಾಟಿದವರು ಮೊದಲ ಬಾರಿಗೆ ತೆಗೆದುಕೊಂಡಾಗ, ತೀರ ಅಪರೂಪವಾಗಿಯಾದರೂ, ಲಸಿಕೆಯ ರೋಗಾಣುವೇ ಯಕೃತ್ತನ್ನೋ ಮಿದುಳನ್ನೋ ಕಾಡುವುದುಂಟು. ಕೋಳಿಮೊಟ್ಟೆ ತೀವ್ರವಾಗಿ ಒಗ್ಗದವರಿಗೂ ರೋಗನಿರೋಧಕ ಶಕ್ತಿ ಕುಂದಿದವರಿಗೂ ಅದು ಸಲ್ಲದು.

ನಮ್ಮ ಕುಟುಂಬದ ವೈದ್ಯರು ಇದನ್ನೆಲ್ಲ ಮುಚ್ಚುಮರೆಯಿಲ್ಲದೆ ಹೇಳಿದರು. "ಅಮ್ಮ, ರೋಗವಿರುವ ಕಾಡಿನ ಬದಿಯಲ್ಲಿ ವಾಸಕ್ಕೆ ಹೋಗುವುದಾದರೆ ಹಾಕಿಸಿಕೊಳ್ಳಿ ಎನ್ನುತ್ತಿದ್ದೆ. ಎಂಟು ತಾಸು ಕೋಟೆ ನೋಡುವುದಕ್ಕಾಗಿ ನಿಮ್ಮ ವಯಸ್ಸಿನಲ್ಲಿ ಹಾಕಲು ನನಗೆ ಕೈ ಬಾರದು." ವಿನಾಯಿತಿ ಪತ್ರವನ್ನು ಅವರು ಬರೆದುಕೊಡಬಹುದಿತ್ತು, ಆದರೆ ಅದನ್ನು ಎಲ್ಲ ದೇಶಗಳೂ ಒಪ್ಪಲೇಬೇಕೆಂಬ ಕಟ್ಟಳೆಯಿಲ್ಲ. ದೊಡ್ಡಮ್ಮ ಸ್ವಲ್ಪ ಹೊತ್ತು ಸುಮ್ಮನಿದ್ದು, "ಮಾವ ನೋಡಿದ್ದಾರಲ್ಲ, ಸಾಕು ಡಾಕ್ಟ್ರೆ. ನಾನು ಇನ್ನೊಂದು ಹಡಗಿನಲ್ಲಿ ಹೋಗುತ್ತೇನೆ" ಎಂದರು. ನಾವು ನಾಲ್ವರು ಲಸಿಕೆ ತೆಗೆದುಕೊಂಡು ಮೊಂಬಾಸಕ್ಕೆ ಹೋಗಬಹುದಾಗಿತ್ತು. ಹೋಗಲಿಲ್ಲ.

ಎರಡನೆಯ ಮಾರ್ಗವೇನೂ ನಿಶ್ಚಿಂತೆಯದಾಗಿರಲಿಲ್ಲ. ಬಂದರು ಬಂದರಿಗೂ ಲೆಕ್ಕ ಬೇರೆ. ಸೇಶೆಲ್ಸಿನಲ್ಲಿ ಮಲೇರಿಯದ ಭಯವಿಲ್ಲ, ನೋಸಿ ಬೇಯಲ್ಲಿ ಇದೆ. ಹಳೆಯ ಕ್ಲೋರೋಕ್ವಿನ್ ಮಾತ್ರೆ ಅಲ್ಲಿ ನೆಚ್ಚತಕ್ಕುದಲ್ಲ. ವೈದ್ಯರು ಬರೆದುಕೊಟ್ಟ ಮಾತ್ರೆಯನ್ನು ಆ ದ್ವೀಪ ಮುಟ್ಟುವ ಎರಡು ದಿನ ಮೊದಲು ಆರಂಭಿಸಿ, ಬಿಟ್ಟ ಮೇಲೆ ಏಳು ದಿನ ನುಂಗಬೇಕಾಗಿತ್ತು. ರೆಯೂನಿಯನ್ನಿನ ಚಿಂತೆ ಚಿಕೂನ್‌ಗುನ್ಯಾ. 2005–06ರಲ್ಲಿ ಅಲ್ಲಿ ಮೂವರಲ್ಲೊಬ್ಬರು ಈ ಜ್ವರದಿಂದ ಮಲಗಿದರು. 2006ರಲ್ಲಿ ದಕ್ಷಿಣ ಭಾರತದಲ್ಲಿಯೂ ಅದು ಹಬ್ಬಿ, ಗಂಟುಗಂಟು ಹಿಡಿದು ಕುಳಿತವರನ್ನು ನಾವೆಲ್ಲ ಕಂಡಿದ್ದೇವೆ. 2025ರಲ್ಲಿ ರೆಯೂನಿಯನ್ನಿನಲ್ಲಿ ಅದು ಮರುಕಳಿಸಿತು. ಹೊಸ ಲಸಿಕೆಯನ್ನು ಕೊಡತೊಡಗಿದ ಫ್ರೆಂಚ್ ಸರಕಾರ, ಮುದುಕರಲ್ಲಿ ಗಂಭೀರ ತೊಂದರೆ ಕಾಣಿಸಿದೊಡನೆ ಅರುವತ್ತೈದು ಮೀರಿದವರಿಗೆ ಅದನ್ನು ನಿಲ್ಲಿಸಿತು. ಹೀಗಾಗಿ ದೊಡ್ಡಮ್ಮನವರಿಗೆ ಉಳಿದುದು ತುಂಬು ತೋಳಿನ ರವಕೆ ಮತ್ತು ಸೊಳ್ಳೆ ಮುಲಾಮು. ಈ ಸೊಳ್ಳೆ ಹಗಲಿನಲ್ಲಿ ಕಚ್ಚುವುದರಿಂದ ರಾತ್ರಿಯ ಪರದೆಯೊಂದನ್ನೇ ನಂಬುವಂತಿಲ್ಲ.

ಎಲ್ಲರಿಗೂ ವಿಷಮಶೀತಜ್ವರದ ಲಸಿಕೆಯಾಯಿತು, ಧನುರ್ವಾತದ್ದು ನವೀಕರಣವಾಯಿತು. ದೊಡ್ಡಮ್ಮನವರಿಗೆ ಫ್ಲೂ ಲಸಿಕೆಯೂ ಆಯಿತು. ಸಾವಿರಾರು ಜನ ಒಂದೇ ಸೂರಿನಡಿ ಉಣ್ಣುವ ಹಡಗಿನಲ್ಲಿ ಅದು ಮುಖ್ಯ. ಅಲ್ಲಿ ವಾಂತಿಭೇದಿ ಹಬ್ಬಿಸುವ ನೋರೊ ವೈರಾಣುವಿಗೆ ಲಸಿಕೆ ಪೇಟೆಗೆ ಬಂದಿಲ್ಲ, ಊಟದ ಬಾಗಿಲಲ್ಲಿಡುವ ಕೈದ್ರಾವಣಕ್ಕೂ ಅದು ಅಷ್ಟಾಗಿ ಬಗ್ಗದು. ಸಾಬೂನು ನೀರೇ ಗತಿ. ಉಂಡು ಮಾತ್ರವಲ್ಲ, ಉಣ್ಣುವ ಮೊದಲೂ ಕೈತೊಳೆಯುವ ನಮ್ಮ ಮನೆಗಳ ಪದ್ಧತಿ ಇಲ್ಲಿ ಕೆಲಸಕ್ಕೆ ಬಂತು. ರಕ್ತದೊತ್ತಡದ ಮಾತ್ರೆಗಳನ್ನು ವೈದ್ಯರ ಚೀಟಿಯೊಡನೆ ಕೈಚೀಲದಲ್ಲೇ ಇಟ್ಟುಕೊಂಡೆವು. ಹಡಗಿನ ವೈದ್ಯರ ಶುಲ್ಕ ಬಲು ದುಬಾರಿ. ಅದನ್ನು ಭರಿಸುವ ವಿಮೆಯಿಲ್ಲದೆ ಹಿರಿಯರನ್ನು ಕರೆದೊಯ್ಯಬಾರದು.

ಪೋರ್ಟ್ ಲೂಯಿಯ ಬಂದರಿನಲ್ಲಿ ಅಪ್ರವಾಸಿ ಘಾಟ್ ಇದೆ. 1834ರಿಂದ 1920ರವರೆಗೆ ಕಬ್ಬಿನ ತೋಟಗಳಿಗೆಂದು ಬಂದ ಲಕ್ಷಾಂತರ ಭಾರತೀಯ ಕೂಲಿಗಳಲ್ಲಿ ಬಹುಮಂದಿ ಇಲ್ಲಿಯ ಕಲ್ಲಿನ ಮೆಟ್ಟಿಲುಗಳನ್ನು ಏರಿ ಹೋದವರು. ಪಕ್ಕದಲ್ಲೇ ಅಂದಿನ ಆಸ್ಪತ್ರೆಯ ಕಟ್ಟಡವೂ ಉಳಿದಿದೆ. ಉತ್ತರಕ್ಕಿರುವ ಗ್ಯಾಬ್ರಿಯಲ್ ಎಂಬ ಪುಟ್ಟ ದ್ವೀಪದಲ್ಲಿ, 1856ರಲ್ಲಿ ಕಲ್ಕತ್ತೆಯಿಂದ ಬಂದ ಎರಡು ಹಡಗುಗಳ ಕೂಲಿಗಳನ್ನು ಕಾಲರಾ ಭಯದಿಂದ ಇಳಿಸಿಬಿಟ್ಟಿದ್ದರು. ಸರಿಯಾದ ಆಸರೆಯಿಲ್ಲದೆ ನೂರಾರು ಮಂದಿ ಅಲ್ಲೇ ಸತ್ತರು. ನಮ್ಮ ಹಡಗು ಸೇಶೆಲ್ಸಿನ ಕಡೆಗೆ ಹೊರಳಿದ ಸಂಜೆ ಆ ದಿಕ್ಕನ್ನು ತೋರಿಸಿ ಈ ಸಂಗತಿ ಹೇಳಿದೆವು. ದೊಡ್ಡಮ್ಮ ಕತ್ತಲಾಗುವವರೆಗೂ ಅತ್ತಲೇ ನೋಡುತ್ತಿದ್ದರು.

ನೋಸಿ ಬೇಯ ಸಂತೆಯಲ್ಲಿ ಅವರು ಕರಿಮೆಣಸನ್ನು ಅಂಗೈಯಲ್ಲಿ ಉಜ್ಜಿ ಮೂಸಿ, ನಮ್ಮ ತೋಟದ್ದೇ ವಾಸಿಯೆಂದು ತೀರ್ಪಿತ್ತರು. ವೆನಿಲ್ಲಾ ಕೋಡುಗಳನ್ನು ಮಾತ್ರ ಕೊಂಡರು. ಅಲ್ಲಿಂದ ಹೊರಟ ಏಳು ದಿನ, ಬೆಳಗಿನ ತಿಂಡಿಯ ಬಳಿಕ, ಮಲೇರಿಯದ ಮಾತ್ರೆಗಳನ್ನು ಎಣಿಸಿ ನಮ್ಮೆಲ್ಲರ ಕೈಗೆ ಹಾಕಿದವರೂ ಅವರೇ.