ಬೆಟ್ಟ ದಾಟಿದ ಹಾಯಿದೋಣಿ

ಒಮಾನಿನ ವಾದಿ ಅದಾಯ್ ಎಂಬ ಊರಿಗೆ ಹೆಸರು ಕೊಟ್ಟ ಹೊಳೆಯಲ್ಲಿ ನಾನು ಹೋದಾಗ ಒಂದು ಹನಿ ನೀರಿರಲಿಲ್ಲ. ಉರುಟು ಕಲ್ಲು, ಅಲ್ಲಲ್ಲಿ ಕುರುಚಲು ಜಾಲಿ, ಜಾಲಿಗೆ ಮುಂಗಾಲೂರಿ ನಿಂತ ಆಡುಗಳು, ಅಷ್ಟೆ. ಎರಡೂ ಬದಿಗೆ ಹುಲ್ಲುಕಡ್ಡಿಯೂ ಹುಟ್ಟದ ಬೋಳು ಗುಡ್ಡ. ಮಸ್ಕತ್ತಿನ ರೂವಿ ಪೇಟೆಯ ಗದ್ದಲ ಇಲ್ಲಿಗೆ ಹತ್ತಿರವೇ. ಅಮೆರಾತ್ ಕಡೆಯಿಂದ ಇಳಿದು ಬರುವ ಈ ಕಣಿವೆ ಖುರುಮ್‌ನ ಕಾಂಡ್ಲಾ ಕಾಡಿನ ಹತ್ತಿರ ಸಮುದ್ರ ಸೇರುತ್ತದೆ. ಸೇರುವುದು ಮಳೆ ಬಂದಾಗ ಮಾತ್ರ. ಬಂದರೆ ತಮಾಷೆಯಲ್ಲ. 2007ರ ಜೂನ್‌ನಲ್ಲಿ ಗೋನು ಚಂಡಮಾರುತ ಬಡಿದಾಗ ಇದೇ ಒಣ ಹೊಳೆ ಉಕ್ಕಿ ಅಮೆರಾತ್ ರಸ್ತೆಯನ್ನೇ ಕಿತ್ತುಹಾಕಿತ್ತಂತೆ.

ಮಸ್ಕತ್ ಸುತ್ತಿನ ಕಡುಗಂದು ಗುಡ್ಡಗಳು ಒಂದು ಕಾಲದಲ್ಲಿ ಸಮುದ್ರದ ತಳವಾಗಿದ್ದವು. ಭೂಮಿ ಮಡಿಚಿಕೊಂಡಾಗ ನೆಲದ ಮೇಲೆ ಹತ್ತಿ ಕುಳಿತವು. ಸಮುದ್ರದ ಅಡಿ ಹೇಗಿರುತ್ತದೆಂದು ಕಾಲು ಒದ್ದೆ ಮಾಡಿಕೊಳ್ಳದೆ ನೋಡಲು ಭೂವಿಜ್ಞಾನಿಗಳು ದೇಶದೇಶಗಳಿಂದ ಇಲ್ಲಿಗೆ ಬರುತ್ತಾರೆ. ಅಂಥ ಗುಡ್ಡದ ಬುಡದಲ್ಲಿ ಅಕ್ಕನ ಮನೆ. ಮನೆಯ ಅಂಗಳದಲ್ಲಿ, ತಗಡಿನ ಮಾಡಿನ ಕೆಳಗೆ, ಕೆಂಪು ಹಾಯಿ ಸುತ್ತಿಟ್ಟ ಒಂದು ದೋಣಿ!

ಅದನ್ನು ಕಟ್ಟಿದವರು ಭಾವ. ಹೊನ್ನಾವರದ ಶರಾವತಿ ಅಳಿವೆಯ ಹತ್ತಿರ ಹುಟ್ಟಿ, ಏಸಿ ದುರಸ್ತಿಯ ಕೆಲಸಕ್ಕೆಂದು ಇಲ್ಲಿಗೆ ಬಂದು ತಲೆ ನರೆಸಿಕೊಂಡವರು. ‘ಮಿರರ್’ ಎಂಬ ಮಾದರಿಯ ನಕ್ಷೆ ತರಿಸಿ, ಮರೈನ್ ಪ್ಲೈ ಕೊಂಡು, ರಜೆಯ ಶುಕ್ರವಾರಗಳಲ್ಲಿ ಕೂತು ಕಟ್ಟಿದ್ದು. ಮಿರರ್ ದೋಣಿಯ ಕಥೆ ಸ್ವಾರಸ್ಯದ್ದು. 1960ರ ದಶಕದ ಆರಂಭದಲ್ಲಿ ಇಂಗ್ಲೆಂಡಿನ ಡೈಲಿ ಮಿರರ್ ಪತ್ರಿಕೆ, ಹಣವಿಲ್ಲದವರೂ ಮನೆಯಲ್ಲೇ ಕಟ್ಟಿಕೊಳ್ಳುವಂಥ ಹಾಯಿದೋಣಿ ಬೇಕೆಂದು ಮಾಡಿಸಿದ್ದು ಅದು. ವಿನ್ಯಾಸ ಜಾಕ್ ಹೋಲ್ಟ್ ಮತ್ತು ಬ್ಯಾರಿ ಬಕ್ನೆಲ್ ಅವರದು. ಉದ್ದ ಹನ್ನೊಂದು ಅಡಿಗೆ ಎರಡಂಗುಲ ಕಡಿಮೆ. ಕೂವೆಮರ ಗಿಡ್ಡ, ಅದರ ಮೇಲೆ ಏರಿಸುವ ಇನ್ನೊಂದು ಗಳು ಬೇರೆ. ಎಲ್ಲ ಬಿಚ್ಚಿದರೆ ದೋಣಿಯೊಳಗೇ ಮಲಗುತ್ತದೆ. ಜಗತ್ತಿನಲ್ಲಿ ಇಂಥವು ಎಪ್ಪತ್ತು ಸಾವಿರದಷ್ಟು ತಯಾರಾದವು.

ಕಟ್ಟುವ ರೀತಿ ಕೇಳಿ ನಾನು ಬಾಯಿ ಬಿಟ್ಟೆ. ಪ್ಲೈ ಹಲಗೆಗಳ ಅಂಚಿಗೆ ಸಾಲಾಗಿ ಸಣ್ಣ ತೂತು ಕೊರೆದು, ತಾಮ್ರದ ತಂತಿಯಿಂದ ಒಂದಕ್ಕೊಂದು ಹೊಲಿಯಬೇಕು. ಹೊಲಿಗೆ ಬಿಗಿದ ಹಾಗೆ ಚಪ್ಪಟೆ ಹಲಗೆಗಳು ತಾವಾಗಿ ಬಾಗಿ ದೋಣಿಯ ಆಕಾರಕ್ಕೆ ಬರುತ್ತವೆ. ಆಮೇಲೆ ಸಂದುಗಳ ಮೇಲೆ ಗಾಜುನಾರಿನ ಪಟ್ಟಿ ಇಟ್ಟು ಅಂಟು ಬಳಿದು, ಹೊರಗೆ ಕಾಣುವ ತಂತಿ ಕತ್ತರಿಸಿದರೆ ಆಯಿತು.

“ರಂಪಣಿ ದೋಣಿ ಹೊಲೀತಿದ್ರಲ್ಲ, ಅದೇ ವಿದ್ಯೆ. ಕತ್ತದ ಹುರಿ ಬದಲು ತಂತಿ” ಎಂದರು ಭಾವ.

ನಮ್ಮ ಕರಾವಳಿಯಲ್ಲಿ ಊರಿಗೆ ಊರೇ ನಿಂತು ಎಳೆಯುತ್ತಿದ್ದ ರಂಪಣಿ ಬಲೆಯ ದೋಣಿಗಳಿಗೆ ಮೊಳೆಯಿರಲಿಲ್ಲ. ಹಲಗೆಗಳನ್ನು ತೆಂಗಿನ ನಾರಿನಿಂದ ಹೊಲಿಯುತ್ತಿದ್ದರು. ಅಲೆ ದಡಕ್ಕೆ ಅಪ್ಪಳಿಸಿದರೂ ಹೊಲಿದ ದೋಣಿ ಸ್ವಲ್ಪ ಬಳುಕಿ ತಡೆದುಕೊಳ್ಳುತ್ತದೆ. 1970ರ ದಶಕದಲ್ಲಿ ಯಂತ್ರದ ಪರ್ಸೀನ್ ಬೋಟುಗಳು ಬಂದವು, ರಂಪಣಿ ಹಿಂದೆ ಸರಿಯಿತು.

ಭಾವ ಖಾಯಂ ಆಗಿ ಊರಿಗೆ ಹೊರಟಿದ್ದರು. ಗಲ್ಫ್ ಬಿಡುವವರ ಮನೆಯಲ್ಲಿ ಒಂದು ಹರಾಜು ನಡೆಯುತ್ತದೆ. ಸೋಫಾ, ಫ್ರಿಜ್ಜು, ಕಾರು ಒಂದೊಂದಾಗಿ ಯಾರದೋ ಪಾಲಾಗುತ್ತವೆ. ಉಳಿದದ್ದು ದೋಣಿ. ಫೋನು ಮಾಡಿದವರೆಲ್ಲ ಕೇಳಿದ್ದು ಇಂಜಿನ್ ಎಷ್ಟು ಎಚ್.ಪಿ. ಎಂದು. ಇಂಜಿನ್ ಇಲ್ಲ, ಗಾಳಿ ಅಂದರೆ ಅತ್ತ ಕಡೆ ಒಂದು ಕ್ಷಣ ಮೌನ, ಮತ್ತೆ ನಗು. ಫೈಬರ್ ದೋಣಿಗೆ ಔಟ್‌ಬೋರ್ಡ್ ಕಟ್ಟಿ ಸುಂಯ್ ಎಂದು ಹೋಗುವ ನಾಡಿದು, ಅವರನ್ನು ದೂರುವಂತಿಲ್ಲ.

ಮಾರುವ ಮುಂಚೆ ದೋಣಿಯನ್ನು ಒಪ್ಪ ಮಾಡುವ ಕೆಲಸ ನಡೆಯುತ್ತಿತ್ತು, ನಾನೂ ಕೈ ಹಾಕಿದೆ. ಮರದ ದೋಣಿಗೆ ಉಪ್ಪುನೀರಿಗಿಂತ ಇಲ್ಲಿನ ಬಿಸಿಲೇ ದೊಡ್ಡ ಶತ್ರು. ಬೇಸಿಗೆಯಲ್ಲಿ 45 ಡಿಗ್ರಿ ದಾಟುವ ಊರು. ವಾರ್ನಿಶ್ ಬಿರಿದು ಏಳುತ್ತದೆ, ಹಾಯಿ ಹೊಲಿದ ದಾರ ಬೆರಳಲ್ಲಿ ತಿಕ್ಕಿದರೆ ಪುಡಿಯಾಗುತ್ತದೆ. ಉಪ್ಪುಕಾಗದ ಹಿಡಿದು ತಿಕ್ಕುವುದು, ಒರೆಸುವುದು, ಬಳಿಯುವುದು, ಒಣಗಿದ ಮೇಲೆ ಮತ್ತೆ ತಿಕ್ಕುವುದು. ಎಪಾಕ್ಸಿಯ ವರ್ತನೆಯಂತೂ ವಿಚಿತ್ರ. ರಾಳಕ್ಕೆ ಹಾರ್ಡನರ್ ಬೆರೆಸಿದ ಕೂಡಲೇ ಅದು ತನ್ನ ಕಾವಿಗೆ ತಾನೇ ಬಿಸಿಯಾಗತೊಡಗುತ್ತದೆ. ಹಗಲಲ್ಲಿ ಲೋಟದಲ್ಲಿ ಕಲಸಿಟ್ಟರೆ ಹೊಗೆಯೆದ್ದು ಪ್ಲಾಸ್ಟಿಕ್ ಲೋಟವೇ ಕರಗಿ ಕೂರುತ್ತದೆ. ಅದಕ್ಕೆ ಭಾವ ಚಳಿಗಾಲದ ಬೆಳಗಿನ ಜಾವ, ಮಸೀದಿಯ ಬಾಂಗು ಕೇಳುವ ಹೊತ್ತಿಗೆ ಎದ್ದು, ಅಗಲ ತಟ್ಟೆಯಲ್ಲಿ ತೆಳ್ಳಗೆ ಹರಡಿ ಕಲಸುತ್ತಿದ್ದರು. ಹರಡಿದರೆ ಕಾವು ಗಾಳಿಗೆ ಹೋಗುತ್ತದೆ, ಅಂಟಿಗೆ ಸ್ವಲ್ಪ ಆಯುಸ್ಸು ಸಿಗುತ್ತದೆ.

“ಕಟ್ಟಿದ್ದು ಒಂದು ಸಲ. ಆಮೇಲೆ ಪ್ರತಿ ವರ್ಷ ಕಟ್ಟೋದೇ” ಎಂದಳು ಅಕ್ಕ, ಚಹಾ ತಂದಿಟ್ಟು. ಅವಳ ದನಿಯಲ್ಲಿ ದೋಣಿ ಹೋಗುವ ಬೇಸರವೇನೂ ಕಾಣಲಿಲ್ಲ.

ಒಂದು ಸಂಜೆ ಸುತ್ತಾಡಿಸಲು ಭಾವ ಅಲ್ ಬುಸ್ತಾನ್ ಕಡೆ ಕರೆದುಕೊಂಡು ಹೋದರು. ಅರಮನೆಯಂಥ ಹೋಟೆಲಿನ ಎದುರು, ರಸ್ತೆ ಸುತ್ತುವ ವೃತ್ತದ ನಡುವೆ, ‘ಸೋಹಾರ್’ ನಿಂತಿದೆ. ಸಿಂದಬಾದನ ಯಾನ ನಿಜವಾಗಿ ಸಾಧ್ಯವೇ ಎಂದು ನೋಡಲು ಟಿಮ್ ಸೆವೆರಿನ್ ಎಂಬ ಸಾಹಸಿ ಒಮಾನಿನ ಆಗಿನ ಸುಲ್ತಾನ್ ಖಾಬೂಸರ ನೆರವಿನಿಂದ ಸೂರ್ ಪಟ್ಟಣದಲ್ಲಿ ಕಟ್ಟಿಸಿದ ಹಡಗು. 1980ರ ನವೆಂಬರಿನಲ್ಲಿ ಮಸ್ಕತ್ ಬಿಟ್ಟು, ಕೇರಳ, ಶ್ರೀಲಂಕಾ, ಸುಮಾತ್ರಾ ಹಾಯ್ದು ಮರುವರ್ಷದ ಜುಲೈನಲ್ಲಿ ಚೀನದ ಕ್ಯಾಂಟನ್ ಮುಟ್ಟಿತು. ಹಡಗಿನ ಮೈಗೆ ಒಂದೂ ಮೊಳೆಯಿಲ್ಲ, ಪೂರ್ತಿ ತೆಂಗಿನ ನಾರಿನ ಹೊಲಿಗೆ. ಹೊಲಿಯುವವರು ಲಕ್ಷದ್ವೀಪದಿಂದ ಬಂದಿದ್ದರು. ಮರ ಕೇರಳದ ಕಾಡಿನ ಹೆಬ್ಬಲಸು. ನಮ್ಮ ಮನೆಯ ಹಿಂದಿನ ಹಾಡಿಯಲ್ಲಿ ಮಂಗಗಳಿಗೆಂದು ಬಿಟ್ಟ ಮರ! ಅದರ ಬಂಧುವೊಂದು ಸಮುದ್ರ ದಾಟಿ ಚೀನ ನೋಡಿ ಬಂದು ಇಲ್ಲಿ ನಿಂತಿದೆ ಎಂದರೆ ನಂಬುವುದಾದರೂ ಹೇಗೆ? ನಾನು ಆ ವೃತ್ತಕ್ಕೆ ಎರಡು ಸುತ್ತು ಹೆಚ್ಚೇ ಹಾಕಿಸಿದೆ. ಆದರೂ ಹೇಳಿಬಿಡುತ್ತೇನೆ: ಹುಲ್ಲುಹಾಸಿನ ಮೇಲೆ ಕಟ್ಟೆ ಕಟ್ಟಿ ಕೂರಿಸಿದ ಹಡಗು ನನಗೆ ಪೂರ್ತಿ ಹಡಗಾಗಿ ಕಾಣಲಿಲ್ಲ.

ಅಲ್ಲಿಂದ ಸ್ವಲ್ಪ ಮುಂದೆ ಕಂತಬ್ ತೀರ. ‘ಜ್ಯುವೆಲ್ ಆಫ್ ಮಸ್ಕತ್’ ಹಡಗನ್ನು ಹೊಲಿದದ್ದು ಅಲ್ಲಿ. 1998ರಲ್ಲಿ ಇಂಡೋನೇಷ್ಯಾದ ಬೆಲಿತುಂಗ್ ದ್ವೀಪದ ಬಳಿ, ಒಂಬತ್ತನೇ ಶತಮಾನದಲ್ಲಿ ಚೀನದ ಪಿಂಗಾಣಿ ಹೇರಿಕೊಂಡು ಮುಳುಗಿದ ಹಡಗು ಸಿಕ್ಕಿತು. ಅದರ ಅಳತೆ ಹಿಡಿದು ಕಟ್ಟಿದ್ದು ಇದು, 18 ಮೀಟರ್ ಉದ್ದ. 2010ರ ಫೆಬ್ರವರಿಯಲ್ಲಿ ಹೊರಟು ಜುಲೈಯಲ್ಲಿ ಸಿಂಗಪುರ ತಲುಪಿತು. ದಾರಿಯಲ್ಲಿ ಶ್ರೀಲಂಕಾದ ಗಾಲ್‌ನಲ್ಲಿ ಕೂವೆಮರಗಳನ್ನೇ ಬದಲಿಸಬೇಕಾಯಿತು. ತಲುಪಿದ ಮೇಲೆ ಒಮಾನ್ ಅದನ್ನು ಸಿಂಗಪುರಕ್ಕೆ ಉಡುಗೊರೆಯಾಗಿ ಕೊಟ್ಟಿತು. ದೋಣಿ ಕೈಬಿಡುವುದರಲ್ಲಿ ಹೀಗೂ ಒಂದು ಬಗೆ.

ನಮ್ಮ ಗಿರಾಕಿ ಸಿಕ್ಕಿದ್ದು ಸೂರ್‌ನಿಂದ. ನಿವೃತ್ತ ಮೇಷ್ಟ್ರು, ಅಜ್ಜ ನಾಖುದಾ, ಎಂದರೆ ಹಡಗಿನ ಕಪ್ತಾನ, ಆಗಿದ್ದರಂತೆ. ಬಿಳಿ ದಿಶ್‌ದಾಶ, ತಲೆಗೆ ಕಸೂತಿಯ ಕುಮ್ಮ, ಬಾಯಲ್ಲಿ ಮುಂಬಯಿ ಹಿಂದಿ. ಇಂಜಿನ್ ಸುದ್ದಿ ಎತ್ತಲಿಲ್ಲ. ಹಲಸಿನಕಾಯಿ ಬಲಿತಿದೆಯೋ ನೋಡುವವರ ಹಾಗೆ ಬೆರಳ ಗಂಟಿನಿಂದ ದೋಣಿಯ ಮೈ ಉದ್ದಕ್ಕೂ ತಟ್ಟುತ್ತ ಬಂದರು. ಟಣ್, ಟಣ್, ಟಣ್. ನೀರಿಗೆ ನಡುಹಲಗೆ ಇಳಿಸುವ ಗೂಡಿನ ಹತ್ತಿರ ಸದ್ದು ದಪ್ಪವಾಯಿತು. ಇನ್ನೊಮ್ಮೆ ತಟ್ಟಿ ಭಾವನ ಮುಖ ನೋಡಿದರು. ಒಳಗೆ ನೀರು ಕುಡಿದು ಪ್ಲೈ ಮೆತ್ತಗಾಗಿತ್ತು. ಮಿರರ್ ದೋಣಿ ಕೊಳೆಯುವ ಜಾಗಗಳಲ್ಲಿ ಅದೂ ಒಂದು. ನಾನೂರು ರಿಯಾಲ್ ಹೇಳಿದ್ದು ಇನ್ನೂರೆಂಬತ್ತಕ್ಕೆ ಇಳಿಯಿತು, ಜೊತೆಗೆ ಸೂರ್‌ಗೆ ತಲುಪಿಸುವ ಹೊಣೆ ಭಾವನದ್ದೇ.

ಹಾಗೆ ದೋಣಿಯೊಂದು ಬೆಟ್ಟ ಹತ್ತಿತು. ಟ್ರೈಲರ್ ಮೇಲೆ ಬಿಗಿದು, ತಾಡಪಾಲು ಹೊದಿಸಿ, ಬೆಳಿಗ್ಗೆ ಬೇಗ ವಾದಿ ಅದಾಯ್ ಕಣಿವೆಯೊಳಗೆ ನುಗ್ಗಿದೆವು. ಎರಡೂ ಕಡೆ ಬಂಡೆಯ ಗೋಡೆ, ಅದರ ಪದರಗಳು ಓರೆಯಾಗಿ ಏಳುತ್ತ, ಮಡಿಚುತ್ತ ಹೋಗುತ್ತವೆ. ಹಳೆಯ ಸಮುದ್ರದ ಕೆಸರು ಹೆಪ್ಪುಗಟ್ಟಿ ಆದ ಕಲ್ಲುಗಳ ನಡುವೆ ಹಾಯಿದೋಣಿಯನ್ನು ಗಾಡಿಗೆ ಕಟ್ಟಿ ಎಳೆದುಕೊಂಡು ಹೋಗುತ್ತಿದ್ದೇವಲ್ಲ ಎಂದು ನಗು ಬಂತು. ಅಮೆರಾತ್ ಬಯಲು, ಮತ್ತೆ ಬೆಟ್ಟ, ಕುರಿಯಾತ್ ದಾಟಿದ ಮೇಲೆ ಎಡಕ್ಕೆ ಸಮುದ್ರ. ನೀಲಿ ಎಂದರೆ ಇದು! ನಮ್ಮ ಕಡೆಯ ಮಣ್ಣು ಕಲಸಿದ ಅಳಿವೆಗಳನ್ನೇ ನೋಡಿದ ಕಣ್ಣಿಗೆ ಆ ಬಣ್ಣ ಸುಳ್ಳೆನಿಸುತ್ತಿತ್ತು.

ಸೂರ್‌ಗೆ ಸ್ವಲ್ಪ ಮೊದಲು ಕಲ್ಹಾತ್. ಈಗ ಅಲ್ಲಿ ಬೀಬಿ ಮರಿಯಮಳ ಗೋರಿಯೊಂದು ಒಂಟಿಯಾಗಿ ನಿಂತಿದೆ, ಉಳಿದದ್ದು ಕಲ್ಲಿನ ಗುಪ್ಪೆ. ಒಂದು ಕಾಲಕ್ಕೆ ಹಿಂದೂ ಮಹಾಸಾಗರದ ದೊಡ್ಡ ಬಂದರು. 2018ರಲ್ಲಿ ವಿಶ್ವ ಪರಂಪರೆಯ ಪಟ್ಟಿಗೆ ಸೇರಿತು. ಹದಿನಾಲ್ಕನೇ ಶತಮಾನದಲ್ಲಿ ಪ್ರವಾಸಿ ಇಬ್ನ್ ಬತೂತ ಸೂರ್‌ನಿಂದ ಕಾಲು ನೋಯಿಸಿಕೊಂಡು ನಡೆದು ಇಲ್ಲಿಗೆ ಬಂದ. ಎಲೆಯ ಮೇಲೆ ಸುಟ್ಟ ಮೀನನ್ನು ಅನ್ನದ ಜೊತೆ ತಿಂದ, ಆ ಅಕ್ಕಿ ಹಿಂದೂಸ್ತಾನದಿಂದ ಬರುತ್ತದೆಂದು ಬರೆದಿಟ್ಟ. ಅದೇ ಮನುಷ್ಯ ಮುಂದೆ ಹೊನ್ನಾವರಕ್ಕೂ ಬಂದ. ಭಾವನ ಊರಿಗೆ! ಈ ಅಕ್ಕಿಯ ನಂಟು ಬಹಳ ಕಾಲ ಕಡಿಯಲಿಲ್ಲ. ಹದಿನೆಂಟನೇ ಶತಮಾನದಲ್ಲಿ ಮಸ್ಕತ್ತಿನ ಊಟ ಮಂಗಳೂರಿನ ಅಕ್ಕಿಯನ್ನು ನೆಚ್ಚಿಕೊಂಡಿತ್ತು, ಟಿಪ್ಪು ಸುಲ್ತಾನ ಮಸ್ಕತ್ತಿನಲ್ಲಿ ಒಂದು ವ್ಯಾಪಾರದ ಕೋಠಿಯನ್ನೇ ಇಟ್ಟಿದ್ದ. ಗೋರಿಯ ನೆರಳಲ್ಲಿ ಕೂತು ಅಕ್ಕ ಕಟ್ಟಿಕೊಟ್ಟ ಚಿತ್ರಾನ್ನ ತಿನ್ನುವಾಗ ನನಗೆ ಇವೆಲ್ಲ ಒಮ್ಮೆಗೇ ನೆನಪಾಗಿ, ಭಾವನಿಗೆ ಹೇಳಿದರೆ ಅವರು ಟ್ರೈಲರಿನ ಬೇರಿಂಗ್ ಬಿಸಿಯಾಗಿದೆಯೋ ಎಂದು ಚಕ್ರ ಮುಟ್ಟಿ ನೋಡುತ್ತಿದ್ದರು.

ಸೂರ್‌ನಲ್ಲಿ ಮೇಷ್ಟ್ರು ಮೊದಲು ಕರೆದೊಯ್ದದ್ದು ‘ಫತಹ್ ಅಲ್ ಖೈರ್’ ನೋಡಲಿಕ್ಕೆ. 1951ರಲ್ಲಿ ಇದೇ ಊರಿನಲ್ಲಿ ಕಟ್ಟಿದ ಘಂಜಾ ಜಾತಿಯ ದೊಡ್ಡ ಹಡಗು. ಹಿಂಭಾಗದ ಕೆತ್ತನೆ ನೋಡಿದಷ್ಟೂ ಮುಗಿಯದು. ಹಾಯಿಯ ಕಾಲ ಮುಗಿದು ಹಡಗು ಕೈಬದಲಾಗಿ ಯೆಮನ್ ಸೇರಿತ್ತು. ಊರವರು ಚಂದಾ ಎತ್ತಿ 1993ರಲ್ಲಿ ಮರಳಿ ಕೊಂಡು ತಂದರು. ಮಾರಿದ ಹಡಗನ್ನು ಊರೇ ಸೇರಿ ಬಿಡಿಸಿಕೊಂಡು ಬಂದದ್ದನ್ನು ನಾನು ಬೇರೆಲ್ಲೂ ಕೇಳಿಲ್ಲ. ಮೇಷ್ಟ್ರು ಅದನ್ನು ಹೇಳುವಾಗ ಚಂದಾ ಕೊಟ್ಟವರಲ್ಲಿ ತಮ್ಮ ಮನೆಯದೂ ಪಾಲಿದೆ ಎಂಬುದನ್ನು ಎರಡು ಸಲ ಹೇಳಿದರು.

ಹಿನ್ನೀರಿನ ದಡದಲ್ಲಿ ಹಡಗುಕಟ್ಟೆ. ಕೆಲಸದವರಲ್ಲಿ ಹೆಚ್ಚಿನವರು ಮಲಯಾಳಿ ಬಡಗಿಗಳು. ನಕ್ಷೆ ಗಿಕ್ಷೆ ಇಲ್ಲ. ಮೊದಲು ಹಲಗೆ ಬಾಗಿಸಿ ಹೊರಮೈ ಕಟ್ಟುತ್ತಾರೆ, ಪಕ್ಕೆಲುಬು ಆಮೇಲೆ. ಅಳತೆ ಕಣ್ಣಿನದು. ಈಗ ಮೊಳೆ ಹೊಡೆಯುತ್ತಾರೆ, ಸಂದಿಗೆ ಎಣ್ಣೆಯಲ್ಲಿ ನೆನೆಸಿದ ಹತ್ತಿ ತುರುಕುತ್ತಾರೆ. ಮೀನೆಣ್ಣೆಯ ನಾತ ಮೂಗಿಗೆ ಅಡರಿ, ಮಲ್ಪೆಯಲ್ಲೇ ನಿಂತಿದ್ದೇನೋ ಅನಿಸಿತು.

ಮೇಷ್ಟ್ರು ಆ ಮೆತ್ತಗಿನ ಜಾಗ ತೋರಿಸಲು ಒಬ್ಬ ಹಿರಿಯ ಬಡಗಿಯನ್ನು ಕರೆದರು. ತಾಡಪಾಲು ಸರಿಸಿ ನೋಡಿದವನೇ ಆತ ಪ್ಲೈ ಎಂದು ಮುಖ ಕಿವುಚಿದ. ಇದು ಮರವಲ್ಲ, ಕಾಗದ ಎಂದ. ಆದರೂ ಒಳಗೆ ಬಗ್ಗಿ ಬೆರಳಾಡಿಸುತ್ತ ಹೋದವನು ಅಂಟಿನ ಪದರದಡಿ ಸಾಲಾಗಿ ಮಿನುಗುವ ತಾಮ್ರದ ಗಂಟುಗಳ ಹತ್ತಿರ ನಿಂತುಬಿಟ್ಟ. ಉಗುರಿನಿಂದ ಒಂದನ್ನು ಕೆರೆದ.

“ಹೊಲಿಗೆಯಾ? ಯಾರು ಹಾಕಿದ್ದು?” ಎಂದು ಹಿಂದಿಯಲ್ಲಿ ಕೇಳಿದ.

ಭಾವ ತನ್ನತ್ತ ಬೆರಳು ತೋರಿಸಿಕೊಂಡರು. ಬಡಗಿ ಅವರ ಕೈಗಳನ್ನೇ ಒಂದು ಗಳಿಗೆ ನೋಡಿದ. ಕೊಳೆತ ತುಂಡು ಕೊಯ್ದು ಹೊಸದು ಕೂರಿಸಲು ಅರ್ಧ ದಿನ, ಹದಿನೈದು ರಿಯಾಲ್ ಎಂದ. ಒಂದು ಷರತ್ತು: ಆ ನಾರುವ ಅಂಟನ್ನು ತಾನು ಮುಟ್ಟುವುದಿಲ್ಲ, ಕಟ್ಟಿದವರೇ ಕಲಸಿಕೊಡಬೇಕು.

ಹಾರ್ಡನರ್ ಡಬ್ಬಿ ಆಗಲೇ ಮೇಷ್ಟ್ರ ವಶವಾಗಿತ್ತು. ಭಾವ ಅದನ್ನು ಅವರ ಕೈಯಿಂದ ಮರಳಿ ಇಸಿದುಕೊಂಡು, ನೆತ್ತಿಗೇರಿದ ಬಿಸಿಲು ನೋಡಿ, ಈಗ ಆಗದು, ನಾಳೆ ಬೆಳಗಿನ ಜಾವ ಎಂದರು. ಅಕ್ಕನಿಗೆ ಫೋನು ಮಾಡಿ ರಾತ್ರಿ ಸೂರ್‌ನಲ್ಲೇ ಉಳಿಯುತ್ತೇವೆಂದು ಹೇಳುವ ಕೆಲಸ ನನ್ನ ಪಾಲಿಗೆ ಬಂತು.