ನಮ್ಮ ಪ್ರಕಟಣೆ ಮೂಕವಾದ ಪ್ರಸಂಗ

ಮಠದ ಪಾಠಶಾಲೆಯಲ್ಲಿ ಬೆಳೆದ ನಮಗೆ ಓಲೆಗರಿಗಳನ್ನು ಬಿಡಿಸಿ ಓದುವುದು ರೂಢಿ; ಜಾಲತಾಣದ ಕೆಲಸ ರೂಢಿಯಲ್ಲ. ಆದರೂ ನಿವೃತ್ತಿಯ ತರುವಾಯ, ನಾವು ಪಾಠ ಹೇಳಿದ ವಿಭಾಗದವರು ವಿಶ್ವವಿದ್ಯಾಲಯದ ತಾಣದ ಕನ್ನಡ ಪುಟಗಳ ಹೊಣೆಯನ್ನು ನಮಗೊಪ್ಪಿಸಿದರು. ಒಲ್ಲೆವೆನ್ನಲಾಗಲಿಲ್ಲ.

ಮೊದಲು ಅಲ್ಲಿ ಪ್ರತಿಪುಟವೂ ಒಂದೊಂದು ಬಿಡಿ ಕಡತ. ಕಚೇರಿಯ ದೂರವಾಣಿ ಸಂಖ್ಯೆ ಬದಲಾದರೆ ಹತ್ತು ಕಡೆ ತಿದ್ದಬೇಕು. ಹನ್ನೊಂದನೆಯದು ಉಳಿದೇ ಉಳಿಯುತ್ತಿತ್ತು. ಬಳಿಕ ತರುಣ ತಂತ್ರಜ್ಞರೊಬ್ಬರು ‘ಡ್ರೂಪಲ್’ ಎಂಬ ವಿಷಯ ನಿರ್ವಹಣಾ ತಂತ್ರಾಂಶವನ್ನು ಅಳವಡಿಸಿದರು. ಬೆಲ್ಜಿಯಂನ ಆಂಟ್‌ವರ್ಪ್ ವಿಶ್ವವಿದ್ಯಾಲಯದ ವಿದ್ಯಾರ್ಥಿಯಾಗಿದ್ದ ಡ್ರೀಸ್ ಬೈಟಾರ್ಟ್ ಅವರು ವಸತಿನಿಲಯದ ಗೆಳೆಯರ ಸುದ್ದಿಹಲಗೆಗೆಂದು ಆರಂಭಿಸಿದ ಇದು 2001ರಲ್ಲಿ ಎಲ್ಲರ ಬಳಕೆಗೆ ಮುಕ್ತವಾಯಿತು. ಇದರಲ್ಲಿ ಬರಹ ಬೇರೆ, ಅದರ ಉಡುಗೆ ಬೇರೆ. ಬರಹವನ್ನು ದತ್ತಸಂಚಯದಲ್ಲಿ ಒಮ್ಮೆ ಸೇರಿಸಿದರಾಯಿತು. ಮುಖಪುಟಕ್ಕೂ ವಿಭಾಗದ ಪುಟಕ್ಕೂ ಅಲ್ಲಿಂದಲೇ ಒದಗುತ್ತದೆ. ತಿದ್ದುವ ಮುನ್ನಿನ ಪಾಠವನ್ನೂ ಉಳಿಸಿಕೊಳ್ಳಬಹುದು. ಗ್ರಂಥಸಂಪಾದನೆಯಲ್ಲಿ ಕಣ್ಣು ಸವೆಸಿದ ನಮಗೆ ಪಾಠಾಂತರಗಳ ಈ ಲೆಕ್ಕ ಬಹಳ ಹಿಡಿಸಿತು.

ತೊಡಕಾದದ್ದು ನಮ್ಮಿಂದಲೇ. ಹಳೆಯ ಫಾಂಟಿನಲ್ಲಿ ಬೆರಳಚ್ಚಿಸಿದ್ದ ಪ್ರವೇಶ ಪ್ರಕಟಣೆಯನ್ನು ತಾಣಕ್ಕೆ ತಂದಾಗ ಕನ್ನಡ ಮಾಯವಾಗಿ ರೋಮನ್ ಅಕ್ಷರಗಳ ರಾಶಿ ಕಂಡಿತು. ಅಂಥ ಫಾಂಟುಗಳು ಇಂಗ್ಲಿಷ್ ಅಕ್ಷರಗಳ ಸ್ಥಾನದಲ್ಲಿಯೇ ಕನ್ನಡದ ಆಕೃತಿಗಳನ್ನು ಕೂರಿಸಿಕೊಂಡಂಥವು. ಯೂನಿಕೋಡಿನಲ್ಲಾದರೋ 1991ರ ಮೊದಲ ಆವೃತ್ತಿಯಿಂದಲೇ ಕನ್ನಡಕ್ಕೆ ಸ್ವಂತ ಸ್ಥಾನವಿದೆ. ಮರಳಿ ಬೆರಳಚ್ಚಿಸಲು ಬೇಸರಿಸಿ, ಮುದ್ರಿತ ಹಾಳೆಯ ಚಿತ್ರವನ್ನೇ ಏರಿಸಿಬಿಟ್ಟೆವು. ನೋಡಲು ಸೊಗಸಾಗಿಯೇ ಇತ್ತು.

ತಿಂಗಳ ಮೇಲೆ ದೃಷ್ಟಿಹೀನ ತರುಣನೊಬ್ಬನು ನಮ್ಮಲ್ಲಿಗೆ ಬಂದನು. ಅವನು ಬಳಸುತ್ತಿದ್ದುದು ‘ಎನ್‌ವಿಡಿಎ’ ಎಂಬ, ತೆರೆಯ ಮೇಲಿನ ಬರಹವನ್ನು ಓದಿಹೇಳುವ ಉಚಿತ ತಂತ್ರಾಂಶ. ಕನ್ನಡವನ್ನೂ ಅದು ಓದಬಲ್ಲದು. “ಗುರುಗಳೇ, ನಿಮ್ಮ ಪ್ರಕಟಣೆ ಬಂದಲ್ಲಿ ಅದು ‘ಚಿತ್ರ’ ಎಂದಷ್ಟೇ ಹೇಳಿ ಮುಂದೆ ಹೋಯಿತು. ಕೊನೆಯ ದಿನಾಂಕ ತಿಳಿಯುವಷ್ಟರಲ್ಲಿ ಮುಗಿದಿತ್ತು” ಎಂದನು. ದನಿಯಲ್ಲಿ ಆಕ್ಷೇಪವಿರಲಿಲ್ಲ, ಅದೇ ನಮ್ಮನ್ನು ಹೆಚ್ಚು ಚುಚ್ಚಿತು. ತಪ್ಪು ನಮ್ಮದೆಂದು ವಿಭಾಗಕ್ಕೆ ಬರೆದುಕೊಟ್ಟೆವು. ಸ್ಥಾನಗಳೆಲ್ಲ ಭರ್ತಿಯಾಗಿದ್ದವು. ನಮ್ಮ ಸೋಮಾರಿತನಕ್ಕೆ ಅವನ ಒಂದು ವರ್ಷ ತೆತ್ತಂತಾಯಿತು.

ತಾಣದಲ್ಲಿದ್ದ ಅಂಥ ಚಿತ್ರಗಳನ್ನೆಲ್ಲ ತೆಗೆದು, ಎರಡು ಬೆರಳುಗಳಲ್ಲೇ ಯೂನಿಕೋಡಿನಲ್ಲಿ ಬೆರಳಚ್ಚಿಸತೊಡಗಿದೆವು. ಮೂರು ತಿಂಗಳು ಹಿಡಿಯಿತು. ಮರುವರ್ಷದ ಪ್ರಕಟಣೆಯನ್ನು ಪ್ರಕಟಿಸುವ ಮುನ್ನ ಅವನನ್ನೇ ಕರೆದು ಕೇಳಿಸಿದೆವು. ಅವನು ತಲೆಬಾಗಿಸಿ ಆಲಿಸಿ, ‘ಪ್ರವೇಶ’ವು ಒಂದು ಕಡೆ ‘ಪವೇಶ’ವಾಗಿದೆಯೆಂದು ತೋರಿಸಿಕೊಟ್ಟನು. ತಿದ್ದಿದೆವು.